ಚಿಯಾಂಗ್ ಮಾಯ್‌ನ ಅಡುಗೆಮನೆಯಲ್ಲಿ ಅಮ್ಮ

ಬುಧವಾರ

ಬೆಂಗಳೂರಿನ ಹೋಟೆಲುಗಳಲ್ಲಿ ಸಸ್ಯಾಹಾರಿ ಥಾಯ್ ಗ್ರೀನ್ ಕರಿ ತರಿಸಿಕೊಂಡಾಗಲೆಲ್ಲ ನನ್ನನ್ನು ಕಾಡುತ್ತಿದ್ದ ಪ್ರಶ್ನೆ ಒಂದೇ. ಹಸಿರು ಬಣ್ಣವಿರುತ್ತದೆ, ನಿಂಬೆಹುಲ್ಲಿನ ಪರಿಮಳವಿರುತ್ತದೆ, ಕಾಯಿಹಾಲು ಧಾರಾಳವಾಗಿರುತ್ತದೆ; ಆದರೂ ನಾಲ್ಕು ತುತ್ತು ತಿನ್ನುವಷ್ಟರಲ್ಲಿ ಸಪ್ಪೆ ಎನಿಸಿಬಿಡುತ್ತದೆ. ಮೀನು, ಸಿಗಡಿ ಬಿಟ್ಟಿದ್ದಾರೆ, ಸರಿ. ಬಿಟ್ಟ ಜಾಗಕ್ಕೆ ಏನು ಬಂತು? ತೀರ್ಥಹಳ್ಳಿಯ ಮನೆಯಲ್ಲಿ ಜೀವಮಾನವಿಡೀ ಅಡುಗೆ ಮಾಡಿದ ಅಮ್ಮನಿಗೆ ಅದನ್ನು ತಿನ್ನಿಸಿದ್ದೆ. ‘ಇದರಲ್ಲಿ ಏನೋ ಕಡಿಮೆಯಾಗಿದೆ. ಉಪ್ಪಲ್ಲ, ಹುಳಿಯಲ್ಲ, ಖಾರವೂ ಅಲ್ಲ. ಮಾಡುವವರನ್ನೇ ಹೋಗಿ ಕೇಳಬೇಕು’ ಎಂದಿದ್ದಳು. ಆ ಮಾತನ್ನೇ ಹಿಡಿದು ಡಿಸೆಂಬರ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಥಾಯ್ಲೆಂಡಿಗೆ ಹೊರಟೆ.

ಬೆಂಗಳೂರಿನಿಂದ ಬ್ಯಾಂಕಾಕಿಗೆ ವಿಮಾನದಲ್ಲಿ ನಾಲ್ಕು ಗಂಟೆಯೂ ಬೇಡ. ಇಳಿದ ಮೇಲೆ ಗಡಿಯಾರವನ್ನು ಒಂದೂವರೆ ಗಂಟೆ ಮುಂದಕ್ಕೆ ತಿರುಗಿಸಬೇಕು, ಅಷ್ಟೆ. ಬ್ಯಾಂಕಾಕ್ ನೋಡುವ ಆಸೆಯನ್ನು ಈ ಸಲ ಬದಿಗಿಟ್ಟು, ನೇರವಾಗಿ ಕ್ರುಂಗ್ ಥೇಪ್ ಅಪಿವಾತ್ ರೈಲು ನಿಲ್ದಾಣಕ್ಕೆ ಹೋದೆವು. ಹಳೆಯ ಹುವಾ ಲಂಫೋಂಗ್ ನಿಲ್ದಾಣದಿಂದ ಹೊರಡುತ್ತಿದ್ದ ದೂರದ ಊರುಗಳ ಬಹುತೇಕ ರೈಲುಗಳು 2023ರ ಜನವರಿಯಿಂದ ಇಲ್ಲಿಂದಲೇ ಹೊರಡುತ್ತವೆ. ದೇಶದ ಉತ್ತರದ ಊರು ಚಿಯಾಂಗ್ ಮಾಯ್‌ಗೆ ಸುಮಾರು 750 ಕಿಲೋಮೀಟರ್, ಒಂದು ರಾತ್ರಿಯ ದಾರಿ. ಕತ್ತಲಾದ ಮೇಲೆ ಸಿಬ್ಬಂದಿಯೊಬ್ಬ ಬಂದು ಎದುರುಬದುರು ಸೀಟುಗಳನ್ನು ಎಳೆದು ಜೋಡಿಸಿ, ಮಡಿಯಾದ ಹಾಸಿಗೆ ಹಾಸಿ, ಪರದೆ ಕಟ್ಟಿಕೊಟ್ಟ. ಅವನ ಕೈಯ ಚುರುಕನ್ನು ಅಮ್ಮ ಕಣ್ಣು ಮಿಟುಕಿಸದೆ ನೋಡಿದಳು. ಮನೆಯಿಂದ ತಂದ ಚಪಾತಿ, ಚಟ್ನಿಪುಡಿಯ ಊಟ ಮುಗಿಸಿ ಮಲಗಿದೆವು.

ಗುರುವಾರ

ಬೆಳಕು ಹರಿಯುವ ಹೊತ್ತಿಗೆ ರೈಲು ಬೆಟ್ಟಗಳ ನಡುವೆ ಏದುಸಿರು ಬಿಡುತ್ತಿತ್ತು. ಖುನ್ ತಾನ್ ಸುರಂಗ ಬಂದದ್ದು ಆಗಲೇ. 1,352 ಮೀಟರ್ ಉದ್ದದ ಈ ಸುರಂಗ ಮುಗಿದದ್ದು 1918ರಲ್ಲಿ. ಅದನ್ನು ದಾಟಿದ ಮೇಲೆ ತೇಗದ ಕಾಡು, ಗದ್ದೆ, ತೋಟಗಳ ಬಯಲು. ‘ನಮ್ಮ ಕಡೆಯ ಹಾಗೆಯೇ ಇದೆ, ಅಡಿಕೆ ಮರ ಮಾತ್ರ ಕಾಣುತ್ತಿಲ್ಲ’ ಎಂದಳು ಅಮ್ಮ.

ಚಿಯಾಂಗ್ ಮಾಯ್ ನಗರವನ್ನು ಉತ್ತರದ ಹಳೆಯ ರಾಜ್ಯವಾದ ಲಾನ್ನಾದ ಅರಸ ಮಂಗ್ರಾಯ್ ಕಟ್ಟಿಸಿದ್ದು 1296ರಲ್ಲಿ. ಹಳೆಯ ಊರಿನ ಚೌಕಕ್ಕೆ ನಾಲ್ಕೂ ಕಡೆ ನೀರು ತುಂಬಿದ ಕಂದಕ, ಅಲ್ಲಲ್ಲಿ ಉಳಿದ ಇಟ್ಟಿಗೆಯ ಗೋಡೆ. ಒಂದು ಬದಿಯಿಂದ ಇನ್ನೊಂದು ಬದಿಗೆ ನಡೆಯಲು ಅರ್ಧ ಗಂಟೆ ಸಾಕು. ಕೋಣೆಯಲ್ಲಿ ಸಾಮಾನು ಇಟ್ಟು, ಸ್ನಾನ ಮುಗಿಸಿ, ಊಟ ಹುಡುಕಿಕೊಂಡು ಹೊರಟೆವು.

ಸಸ್ಯಾಹಾರಿಗಳು ಥಾಯ್ಲೆಂಡಿಗೆ ಹೋಗುವ ಮೊದಲು ಒಂದು ಪದ ಕಲಿತಿರಬೇಕು: ‘ಜೇ’. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಅದನ್ನು ಬರೆದು ಅಂಗಡಿಯ ಮುಂದೆ ತೂಗುಹಾಕಿರುತ್ತಾರೆ. ಚೀನೀ ಮೂಲದ ಬೌದ್ಧ ಆಚರಣೆಯಿಂದ ಬಂದ ಈ ಊಟದಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಬೆಳ್ಳುಳ್ಳಿ, ಈರುಳ್ಳಿಯೂ ಇಲ್ಲ. ಸೆಪ್ಟೆಂಬರ್-ಅಕ್ಟೋಬರ್ ವೇಳೆಗೆ ಬರುವ ಒಂಬತ್ತು ದಿನಗಳ ವ್ರತದಲ್ಲಿ ಊರೂರಿನ ಬೀದಿಗಳು ಈ ಹಳದಿ ಬಾವುಟಗಳಿಂದ ತುಂಬುತ್ತವೆ. ಬರಿದೇ ‘ಸಸ್ಯಾಹಾರ’ ಎಂದು ಕೇಳಿದರೆ ಮಾಂಸ ತೆಗೆದು ಮೀನಿನ ಸಾಸ್ ಉಳಿಸಿಬಿಡುವ ಸಾಧ್ಯತೆ ಇದೆ. ‘ಜೇ’ ಎಂದರೆ ಆ ಭಯವಿಲ್ಲ. ಏಕಾದಶಿ, ಶ್ರಾದ್ಧದ ದಿನಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿ ಮುಟ್ಟದ ಅಮ್ಮನಿಗೆ ಈ ನಿಯಮವನ್ನು ವಿವರಿಸಬೇಕಾಗಿ ಬರಲಿಲ್ಲ.

ಅಂಥದೊಂದು ಅಂಗಡಿಯಲ್ಲಿ ‘ಖಾವ್ ಸೋಯ್’ ಸಿಕ್ಕಿತು. ಉತ್ತರ ಥಾಯ್ಲೆಂಡಿನ ಹೆಮ್ಮೆಯ ತಿಂಡಿ ಇದು. ಚೀನಾದ ಯುನಾನ್ ಪ್ರಾಂತ್ಯದಿಂದ ಹೇಸರಗತ್ತೆಗಳ ಮೇಲೆ ಸರಕು ಹೇರಿಕೊಂಡು ಬರುತ್ತಿದ್ದ ಮುಸ್ಲಿಂ ವ್ಯಾಪಾರಿಗಳೊಂದಿಗೆ ಬಂದದ್ದು ಎನ್ನುತ್ತಾರೆ. ಕಾಯಿಹಾಲಿನ ಮಸಾಲೆ ಸಾರು, ಅದರಲ್ಲಿ ಮೆತ್ತಗೆ ಬೆಂದ ನೂಡಲ್ಸ್, ಮೇಲೆ ಎಣ್ಣೆಯಲ್ಲಿ ಕರಿದ ಗರಿಗರಿ ನೂಡಲ್ಸ್, ಪಕ್ಕದಲ್ಲಿ ಉಪ್ಪಿನಲ್ಲಿ ಹಾಕಿಟ್ಟ ಸಾಸಿವೆ ಸೊಪ್ಪು, ನಿಂಬೆಯ ಹೋಳು. ಚೆನ್ನಾಗಿತ್ತು. ಆದರೂ ಅಮ್ಮ ಬಟ್ಟಲು ಖಾಲಿ ಮಾಡಿ ಹೇಳಿದ್ದು, ‘ಬೆಂಗಳೂರಿನಲ್ಲಿ ತಿಂದದ್ದಕ್ಕಿಂತ ಗಟ್ಟಿಯಾಗಿದೆ ರುಚಿ. ಇವರು ಏನನ್ನೋ ಹಾಕಿದ್ದಾರೆ.’

ಸಂಜೆ ವಾಟ್ ಚೆಡಿ ಲುವಾಂಗ್ ಎಂಬ ಬೌದ್ಧ ದೇವಾಲಯಕ್ಕೆ ಹೋದೆವು. 1545ರ ಭೂಕಂಪದಲ್ಲಿ ಶಿಖರ ಕಳೆದುಕೊಂಡ ಭಾರಿ ಸ್ತೂಪ, ಇಟ್ಟಿಗೆಯ ಮೈ ತೆರೆದುಕೊಂಡೇ ನಿಂತಿದೆ. ಅಮ್ಮ ಪ್ರದಕ್ಷಿಣೆ ಬಂದಳು.

ಶುಕ್ರವಾರ

ಬೆಳಿಗ್ಗೆ ಎಂಟೂವರೆಗೆ ಕೆಂಪು ಸೋಂಗ್‌ಥೇವ್ ನಮ್ಮನ್ನು ಅಡುಗೆ ತರಗತಿಗೆ ಕರೆದೊಯ್ಯಲು ಬಂತು. ಹಿಂದೆ ಎದುರುಬದುರು ಎರಡು ಬೆಂಚು ಇರುವ ಪಿಕಪ್ ವಾಹನ ಇದು. ಊರಿನ ಓಡಾಟವೆಲ್ಲ ಇದರಲ್ಲೇ. ಬೇರೆ ಬೇರೆ ದೇಶಗಳ ಏಳೆಂಟು ಮಂದಿ ಇದ್ದರು. ನಮ್ಮ ಗುರು ಐವತ್ತು ದಾಟಿದ, ತಲೆಗೆ ಬಟ್ಟೆ ಕಟ್ಟಿದ ಹೆಂಗಸು. ಎಲ್ಲರೂ ತನ್ನನ್ನು ‘ಪೀ’, ಎಂದರೆ ಅಕ್ಕ, ಎಂದು ಕರೆಯಬೇಕೆಂದಳು. ಅಮ್ಮನನ್ನು ಮಾತ್ರ ಆಕೆ ಮೊದಲ ಕ್ಷಣದಿಂದಲೇ ‘ಮೇ’ ಎಂದಳು, ಅಮ್ಮ ಎಂದು.

ಪಾಠ ಶುರುವಾದದ್ದು ಮಾರುಕಟ್ಟೆಯಲ್ಲಿ. ನನ್ನ ಮಟ್ಟಿಗೆ ಇಡೀ ದಿನದ ಶುಲ್ಕ ಅಲ್ಲಿಯೇ ವಸೂಲಾಯಿತು. ಮಿಕ್ಕವರಿಗೆ ಪೀ ಒಂದೊಂದು ಕಾಯಿ, ಸೊಪ್ಪನ್ನು ಎತ್ತಿ ಪರಿಚಯಿಸುತ್ತಿದ್ದರೆ, ಅಮ್ಮ ತಾನೇ ಮುಂದೆ ಹೋಗಿ ಒಂದೊಂದನ್ನೂ ಮುಟ್ಟಿ ಗುರುತಿಸುತ್ತಿದ್ದಳು. ಗೊಂಚಲು ಗೊಂಚಲಾಗಿ ಇಟ್ಟಿದ್ದ ಹಸಿರು ಬಟಾಣಿಯಂಥ ಕಾಯಿಗಳು ನಮ್ಮ ಸುಂಡೆಕಾಯಿ. ಗ್ರೀನ್ ಕರಿಗೆ ಅದು ಬೇಕೇ ಬೇಕಂತೆ. ದುಂಡನೆಯ ಹಸಿರು ಬದನೆ ಗುಳ್ಳದ ಬಂಧು. ಮೊಳದುದ್ದದ ಅಲಸಂದೆ, ತೊಂಡೆಯ ಕುಡಿ, ಬಾಳೆಹೂವು, ಶಂಖಪುಷ್ಪ, ಜೀರಿಗೆ ಮೆಣಸಿನಂಥ ಚಿಕ್ಕ ಮೆಣಸು ಎಲ್ಲವೂ ಇದ್ದವು. ಶುಂಠಿಯಂತೆ ಕಂಡರೂ ಗೆಣ್ಣುಗಳಲ್ಲಿ ಉಂಗುರಗಳಿರುವ ಬಿಳಿ ಬೇರನ್ನು ಅಮ್ಮ ಉಗುರಿನಿಂದ ಕೆರೆದು ಮೂಸಿ, ‘ದುಂಪರಾಸ್ಮೆ! ಕಷಾಯಕ್ಕೆ ಹಾಕುವುದನ್ನು ಇವರು ಸಾರಿಗೆ ಹಾಕುತ್ತಾರೆಯೇ?’ ಎಂದಳು. ಹೌದು, ಇಲ್ಲಿ ಅದಿಲ್ಲದೆ ಒಲೆ ಹಚ್ಚುವುದಿಲ್ಲ.

ಎರಡು ವಸ್ತುಗಳು ಮಾತ್ರ ಅಮ್ಮನಿಗೆ ಹೊಸವು. ಒಂದು ಮಕ್ರುಟ್ ನಿಂಬೆ: ಮೈಯೆಲ್ಲ ಗಂಟುಗಂಟು, ಎಲೆ ಒಂದರ ತುದಿಗೆ ಇನ್ನೊಂದು ಅಂಟಿಸಿದ ಹಾಗೆ ಜೋಡಿ. ರಸ ಹೆಚ್ಚೇನೂ ಬರುವುದಿಲ್ಲ. ಬೇಕಾದದ್ದು ಎಲೆ ಮತ್ತು ಸಿಪ್ಪೆ. ಇನ್ನೊಂದು ಕೊತ್ತಂಬರಿ ಸೊಪ್ಪಿನ ಬೇರು. ವಸ್ತು ಹೊಸದಲ್ಲ, ಅದನ್ನು ಬೆಲೆಬಾಳುವ ಸಾಮಾನು ಎಂದು ನೋಡುವುದು ಹೊಸದು. ನಾವು ಮಾರುಕಟ್ಟೆಯಿಂದ ತಂದ ಕೂಡಲೇ ಕತ್ತರಿಸಿ ಎಸೆಯುವ ಆ ಬೇರನ್ನು ಇಲ್ಲಿ ಬೆಳ್ಳುಳ್ಳಿ, ಕಾಳುಮೆಣಸಿನ ಜೊತೆ ಕುಟ್ಟಿ ಎಷ್ಟೋ ಅಡುಗೆಗಳಿಗೆ ತಳಹದಿಯಾಗಿ ಬಳಸುತ್ತಾರೆ. ಒಂದು ಬೇರನ್ನು ಮುರಿದು ಮೂಸಿ ನೋಡಿ. ಎಲೆಗಿಂತ ಆಳವಾದ, ಮಣ್ಣಿನ ವಾಸನೆ ಬೆರೆತ ಪರಿಮಳ.

ತರಗತಿ ನಡೆದದ್ದು ಊರಾಚೆಯ ತೋಟದ ನಡುವೆ, ಗೋಡೆಗಳಿಲ್ಲದ ಹೆಂಚಿನ ಮಾಡಿನ ಕೆಳಗೆ. ಪ್ರತಿಯೊಬ್ಬರಿಗೂ ಒಂದು ಗ್ಯಾಸ್ ಒಲೆ, ಒಂದು ಬಾಣಲೆ, ಕತ್ತರಿಸುವ ಹಲಗೆ, ಮತ್ತು ಒಂದು ಕಲ್ಲಿನ ಕುಟ್ಟಾಣಿ. ಗಟ್ಟಿ ಗ್ರಾನೈಟ್ ಕಲ್ಲು, ಕಲ್ಲಿನದೇ ಪುಟ್ಟ ಒನಕೆ. ಹಸಿ ಪಪಾಯಿಯ ಸಲಾಡಿಗೆ ಬೇರೆ ಕುಟ್ಟಾಣಿ ಇದೆ, ಮಣ್ಣಿನದು, ಮರದ ಒನಕೆಯದು. ಅದರಲ್ಲಿ ತರಕಾರಿ ನಲುಗುತ್ತದೆ, ನುಣ್ಣಗಾಗುವುದಿಲ್ಲ. ಮಸಾಲೆಗೆ ಕಲ್ಲೇ ಆಗಬೇಕು. ಬ್ಯಾಂಕಾಕಿನಿಂದ ತುಸು ದೂರದ ಚೋನ್‌ಬುರಿ ಪ್ರಾಂತ್ಯದ ಆಂಗ್ ಸಿಲಾ ಎಂಬ ಕಡಲತಡಿಯ ಊರು ಈ ಕಲ್ಲಿನ ಕುಟ್ಟಾಣಿಗಳಿಗೆ ಹೆಸರಾದದ್ದು.

ಹಸಿರು ಮಸಾಲೆ ಕುಟ್ಟುವುದಕ್ಕೆ ಒಂದು ಸರದಿ ಇದೆ. ಮೊದಲು ಹುರಿದ ಕೊತ್ತಂಬರಿ, ಜೀರಿಗೆ, ಬಿಳಿ ಕಾಳುಮೆಣಸು. ಒಣಗಿದ್ದು ಒಣ ಕಲ್ಲಿನಲ್ಲಿ ಪುಡಿಯಾಗಬೇಕು. ಅದನ್ನು ತೆಗೆದಿಟ್ಟು ಹಸಿಮೆಣಸು ಮತ್ತು ಕಲ್ಲುಪ್ಪು. ಉಪ್ಪಿನ ಹರಳು ಮೆಣಸಿನ ಸಿಪ್ಪೆಯನ್ನು ಹರಿಯುತ್ತದೆ, ಜಾರಲು ಬಿಡುವುದಿಲ್ಲ. ಆಮೇಲೆ ನಾರಿರುವವು: ಅಡ್ಡಲಾಗಿ ತೆಳ್ಳಗೆ ಹೆಚ್ಚಿದ ನಿಂಬೆಹುಲ್ಲಿನ ಬುಡ, ದುಂಪರಾಸ್ಮೆ, ಕೊತ್ತಂಬರಿ ಬೇರು, ಮಕ್ರುಟ್ ಸಿಪ್ಪೆಯ ಹಸಿರು ಪದರ ಮಾತ್ರ. ಒಳಗಿನ ಬಿಳಿ ಸೇರಿದರೆ ಕಹಿ. ನೀರು ಬಿಡುವ ಬೆಳ್ಳುಳ್ಳಿ, ಸಣ್ಣ ಈರುಳ್ಳಿ ಕಡೆಗೆ. ಅವು ಮೊದಲೇ ಬಿದ್ದರೆ ಕುಟ್ಟಾಣಿ ಕೆಸರಾಗಿ, ನಾರು ಒನಕೆಗೆ ಸಿಗದೆ ಆಚೀಚೆ ಓಡುತ್ತದೆ. ಒಂದು ಹಂತ ಪೂರ್ತಿ ನುಣ್ಣಗಾಗುವವರೆಗೆ ಮುಂದಿನದನ್ನು ಪೀ ಕೊಡುತ್ತಲೇ ಇರಲಿಲ್ಲ.

ಮಿಕ್ಕವರೆಲ್ಲ ಭುಜದಿಂದ ಕುಟ್ಟಿ ಹತ್ತು ನಿಮಿಷಕ್ಕೇ ಕೈ ಸೋತು ನಿಂತರು. ಅಮ್ಮ ಕುಟ್ಟಾಣಿಯನ್ನು ಮಡಿಸಿದ ಬಟ್ಟೆಯ ಮೇಲಿಟ್ಟು, ಎಡಗೈಯ ಅಂಗೈಯಿಂದ ಅದರ ಬಾಯಿಯನ್ನು ಅರ್ಧ ಮುಚ್ಚಿ, ಒನಕೆಯನ್ನು ಅದರ ಭಾರಕ್ಕೇ ಬೀಳಲು ಬಿಟ್ಟು, ಬಿದ್ದ ಮೇಲೆ ಮಣಿಕಟ್ಟನ್ನು ಒಂದಿಷ್ಟು ತಿರುಗಿಸಿ ಅರೆಯುತ್ತಿದ್ದಳು. ಮೆಣಸಿನ ಒಂದು ಹನಿಯೂ ಹೊರಗೆ ಸಿಡಿಯಲಿಲ್ಲ. ಪೀ ಬಂದು ನಿಂತು ನೋಡಿದಳು; ಬೆರಳ ತುದಿಯಲ್ಲಿ ಮಸಾಲೆ ತೆಗೆದು ಉಜ್ಜಿದಳು; ಉಳಿದವರನ್ನೆಲ್ಲ ಕರೆದು ಅಮ್ಮನ ಕೈ ನೋಡಿ ಎಂದಳು. ಅಮ್ಮನ ಮುಖದಲ್ಲಿ ಅಂದು ನಾನು ಕಂಡ ಸಂತೋಷಕ್ಕಾಗಿಯೇ ಈ ಪ್ರವಾಸ ಮಾಡಬಹುದಿತ್ತು. ದಶಕಗಳಿಂದ ಯಾರೂ ಗಮನಿಸದ ಒಂದು ವಿದ್ಯೆಗೆ ಪರದೇಶದಲ್ಲಿ ಮಾನ್ಯತೆ ಸಿಕ್ಕಿತ್ತು.

ಆಮೇಲೆ ಒಲೆಯ ಮುಂದೆ ಅಮ್ಮ ಮತ್ತು ಪೀ ನಡುವೆ ಮೊದಲ ವಾದ. ಕಾಯಿಹಾಲನ್ನು ಕುದಿಸಿದರೆ ಒಡೆಯುತ್ತದೆ, ಅದನ್ನು ಕಡೆಗೆ ಹಾಕಿ ಒಂದು ಕುದಿ ಬರುವ ಮುಂಚೆ ಇಳಿಸಬೇಕು ಎಂಬುದು ನಮ್ಮ ಮನೆಯ ಪಾಠ. ಇಲ್ಲಿ ಬಾಣಲೆಗೆ ಎಣ್ಣೆಯೇ ಇಲ್ಲ. ಮೊದಲ ಹಿಂಡಿನ ಗಟ್ಟಿ ಹಾಲನ್ನೇ ಸುರಿದು ಹದವಾದ ಉರಿಯಲ್ಲಿ ಕುದಿಸುತ್ತಾರೆ. ‘ಒಡೆದುಹೋಯಿತಲ್ಲೇ, ಉರಿ ತಗ್ಗಿಸು ಎಂದು ಹೇಳು ಅವಳಿಗೆ’ ಎಂದು ಅಮ್ಮ ನನ್ನ ತೋಳು ಹಿಡಿದಳು. ಪೀ ನಕ್ಕು, ಒಡೆಯಲಿ, ಒಡೆಯಬೇಕು ಎಂದಳು. ನೀರಿನಂಶ ಆವಿಯಾಗುತ್ತ ಹಾಲು ಮೊದಲು ಬಿಗಿಯಾಯಿತು, ಆಮೇಲೆ ಅಂಚಿನಲ್ಲಿ ಸಣ್ಣ ಸಣ್ಣ ಬೊಟ್ಟುಗಳಾಗಿ ಎಣ್ಣೆ ಕಾಣಿಸಿಕೊಂಡಿತು. ಬೊಟ್ಟುಗಳು ಕೂಡಿಕೊಂಡು ಹೊಳೆಯುವ ಹೊತ್ತಿಗೆ ಮಸಾಲೆ ಬಿತ್ತು. ಹಾಲಿನಿಂದಲೇ ಹುಟ್ಟಿದ ಆ ಎಣ್ಣೆಯಲ್ಲಿ ಮಸಾಲೆ ಹುರಿದು, ಹಸಿವಾಸನೆ ಹೋಗಿ, ಕಣ್ಣಲ್ಲಿ ನೀರು ಬರುವಂಥ ಘಾಟು ಎದ್ದ ಮೇಲೆ ಎರಡನೆಯ ಹಿಂಡಿನ ತೆಳು ಹಾಲು, ಬದನೆ, ಸುಂಡೆಕಾಯಿ, ತೋಫು. ಪರಿಮಳಗಳೆಲ್ಲ ಕೊಬ್ಬಿನಲ್ಲಿ ಕರಗುವಂಥವು. ತೆಳು ಹಾಲಿನಲ್ಲಿ ಬರಿದೇ ಬೆಂದರೆ ಅವು ಬಿಚ್ಚಿಕೊಳ್ಳುವುದಿಲ್ಲ. ಬೆಂಗಳೂರಿನ ಗ್ರೀನ್ ಕರಿಯ ಒಂದು ಕೊರತೆ ಇಲ್ಲಿ ತಿಳಿಯಿತು.

ಇನ್ನೊಂದು ಕೊರತೆ ತಿಳಿದದ್ದು ಪಕ್ಕದ ಕುಟ್ಟಾಣಿಯಿಂದ. ಮಿಕ್ಕವರ ಮಸಾಲೆಗೆ ಕಡೆಯಲ್ಲಿ ಪೀ ಒಂದು ಚಮಚ ‘ಕಪಿ’ ಸೇರಿಸಿದಳು. ಸಿಗಡಿಯನ್ನು ಉಪ್ಪಿನಲ್ಲಿ ಹುದುಗಿಸಿ ಒಣಗಿಸಿ ಅರೆದ ನೇರಳೆ ಬಣ್ಣದ ಮುದ್ದೆ. ನಮ್ಮ ಮುಂದೆ ಬಂದಾಗ ಅದರ ಬದಲು ಉಪ್ಪಿನಲ್ಲಿ ಹುದುಗಿಸಿದ ಸೋಯಾ ಕಾಳಿನ ಗೊಜ್ಜನ್ನು ಹಾಕಿದಳು. ಮೀನಿನ ಸಾಸಿನ ಬದಲು ಸೋಯಾ ಸಾಸ್. ನಾನು ನನ್ನ ಹಳೆಯ ಪ್ರಶ್ನೆ ಕೇಳಿದೆ. ಪೀ ಚಮಚ ಕೆಳಗಿಟ್ಟು ಹೇಳಿದ್ದು ಇಷ್ಟು: ‘ಮೀನನ್ನು ಬಿಡಿ, ತೊಂದರೆಯಿಲ್ಲ. ಮೀನು ಮಾಡುತ್ತಿದ್ದ ಕೆಲಸವನ್ನು ಬಿಡಬೇಡಿ.’

ಆ ಕೆಲಸ ಯಾವುದು? ಮೀನಾಗಲಿ ಸಿಗಡಿಯಾಗಲಿ ಉಪ್ಪಿನಲ್ಲಿ ತಿಂಗಳುಗಟ್ಟಲೆ ಕೂತಾಗ ಅದರ ಪ್ರೋಟೀನ್ ಒಡೆದು ಅಮೈನೋ ಆಮ್ಲಗಳಾಗುತ್ತದೆ. ಅವುಗಳಲ್ಲೊಂದಾದ ಗ್ಲುಟಮೇಟ್ ನಾಲಿಗೆಯ ಮೇಲೆ ತುಂಬಿಕೊಂಡು ನಿಲ್ಲುವ ರುಚಿ ಕೊಡುತ್ತದೆ. ಉಪ್ಪು, ಹುಳಿ, ಸಿಹಿ, ಖಾರಗಳು ಅದರ ಮೇಲೆ ನಿಲ್ಲುತ್ತವೆ. ಸೋಯಾ ಕಾಳನ್ನು ಹುದುಗಿಸಿದರೂ ಅದೇ ಒಡೆಯುವಿಕೆ, ಅದೇ ರುಚಿ. ಸಾಧಾರಣ ಉಪ್ಪು ಹಾಕಿ ಕೈ ತೊಳೆದುಕೊಂಡರೆ ಆ ನೆಲವೇ ಇಲ್ಲವಾಗುತ್ತದೆ. ಅಮ್ಮ ಬೆಂಗಳೂರಿನಲ್ಲಿ ‘ಉಪ್ಪಲ್ಲ, ಹುಳಿಯಲ್ಲ’ ಎಂದು ಹುಡುಕುತ್ತಿದ್ದುದು ಇದನ್ನೇ.

ಮಧ್ಯಾಹ್ನದ ಬಾಣಲೆ ಅಡುಗೆಯಲ್ಲಿ ಒಂದು ತಡೆ ಬಂತು. ಅಣಬೆ, ತೋಫು ಹುರಿದು ಕಡೆಗೆ ಒಂದು ಹಿಡಿ ಎಲೆ ಹಾಕಬೇಕು. ಆ ಎಲೆ ನಮ್ಮ ತುಳಸಿ. ‘ಕಪ್ರಾವ್’ ಎಂದು ಅವರು ಕರೆಯುವುದು ನಾವು ಕಟ್ಟೆ ಕಟ್ಟಿ ದೀಪ ಇಡುವ ಗಿಡವನ್ನೇ. ಥಾಯ್ ಜನ ದಿನನಿತ್ಯ ತಿನ್ನುವ ಅಡುಗೆಗಳಲ್ಲೊಂದು ಅದರ ಹೆಸರಿನಲ್ಲೇ ಇದೆ. ಅಮ್ಮನ ಕೈ ನಿಂತಿತು. ‘ತೀರ್ಥಕ್ಕೆ ಹಾಕಿದ್ದನ್ನು ಕುಡಿದಿದ್ದೇನೆ, ಕೆಮ್ಮಿಗೆ ಕಷಾಯ ಮಾಡಿದ್ದೇನೆ. ಬಾಣಲೆಗೆ ಹಾಕಲು ನನ್ನಿಂದ ಆಗದು’ ಎಂದಳು. ನಾನು ಮನೆಯ ಮುಂದಿನ ತುಳಸಿಕಟ್ಟೆಯ ಫೋಟೋವನ್ನು ಮೊಬೈಲ್‌ನಲ್ಲಿ ತೋರಿಸಿದೆ. ಪೀ ಎರಡೂ ಕೈ ಜೋಡಿಸಿ ಅದಕ್ಕೆ ವಂದಿಸಿ, ಆ ಎಲೆಗಳನ್ನು ಅಮ್ಮನ ಹಲಗೆಯಿಂದ ತೆಗೆದು, ತೋಟದಿಂದ ‘ಹೋರಪಾ’ ಕಿತ್ತು ತಂದುಕೊಟ್ಟಳು. ಅದು ಕಾಮಕಸ್ತೂರಿಯ ಜಾತಿ, ನೇರಳೆ ದಂಟಿನದು, ಸೋಂಪಿನ ಪರಿಮಳದ್ದು. ನಾನು ತುಳಸಿ ಹಾಕಿಯೇ ಮಾಡಿದೆ. ಬಿಸಿ ಬಾಣಲೆಯಲ್ಲಿ ಅದಕ್ಕೆ ಲವಂಗದ ಖಾರ ಬರುತ್ತದೆ. ಎರಡೂ ತಟ್ಟೆಗಳು ಒಂದೇ ಮೇಜಿನ ಮೇಲೆ ಇದ್ದವು.

ತೋಮ್ ಯಾಮ್ ಸಾರು ಬೇಗ ಮುಗಿಯಿತು. ನಿಂಬೆಹುಲ್ಲು ಜಜ್ಜಿ, ದುಂಪರಾಸ್ಮೆ ಬಿಲ್ಲೆ ಮಾಡಿ, ಮಕ್ರುಟ್ ಎಲೆ ಹರಿದು, ಅಣಬೆಯೊಂದಿಗೆ ಕುದಿಸುವುದು. ನಿಂಬೆರಸವನ್ನು ಒಲೆ ಆರಿಸಿದ ಮೇಲೆಯೇ ಹಿಂಡಬೇಕು. ಸಿಗಡಿ ಹಾಕಿದ ತೋಮ್ ಯಾಮ್ ಕುಂಗ್ 2024ರ ಡಿಸೆಂಬರ್‌ನಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿ ಸೇರಿದೆ. ಕಡೆಗೆ ಬಾಳೆಹಣ್ಣನ್ನು ಕಾಯಿಹಾಲಿನಲ್ಲಿ ಬೇಯಿಸಿ, ತಾಳೆಬೆಲ್ಲ ಮತ್ತು ಚಿಟಿಕೆ ಉಪ್ಪು ಹಾಕಿದ ಸಿಹಿ. ‘ರಸಾಯನಕ್ಕೆ ಉಪ್ಪು ಹಾಕಿದರೆ ಹೀಗಾಗುತ್ತದೆ ಎಂದು ಇಷ್ಟು ದಿನ ಗೊತ್ತಿರಲಿಲ್ಲ’ ಎಂದು ಅಮ್ಮ ಎರಡು ಬಟ್ಟಲು ತಿಂದಳು.

ಹೊರಡುವಾಗ ಪೀ ಅಮ್ಮನ ಹತ್ತಿರ ಬಂದು ಗುಟ್ಟೊಂದನ್ನು ಹೇಳಿದಳು. ಬಾಟಲಿಯ ಸೋಯಾ ಗೊಜ್ಜು ಪೇಟೆಯವರಿಗೆ. ಕಡಲು ದೂರವಿರುವ ಈ ಉತ್ತರದ ಸೀಮೆಯಲ್ಲಿ ಅಜ್ಜಿಯರು ಕಪಿಯ ಬದಲು ಬಳಸುತ್ತಿದ್ದುದು ‘ಥುವಾ ನಾವ್’. ನಾಳೆ ವಾರೊರೋಟ್ ಮಾರುಕಟ್ಟೆಯಲ್ಲಿ ಹುಡುಕಿ ತನ್ನಿ, ಭಾನುವಾರ ನನ್ನ ಮನೆಗೆ ಬನ್ನಿ.

ಶನಿವಾರ

ಬೆಳಿಗ್ಗೆ ದೋಯ್ ಸುಥೇಪ್ ಬೆಟ್ಟಕ್ಕೆ ಹೋಗಿಬಂದೆವು. ಬುದ್ಧನ ಅಸ್ಥಿಧಾತುವನ್ನು ಹೊತ್ತ ಬಿಳಿಯಾನೆ ಬೆಟ್ಟವೇರಿ ಪ್ರಾಣಬಿಟ್ಟ ಜಾಗದಲ್ಲಿ ಕಟ್ಟಿದ್ದು ಎಂಬ ಐತಿಹ್ಯವಿರುವ ದೇವಾಲಯ, 1383ರದು ಎನ್ನುತ್ತಾರೆ. ಎರಡೂ ಬದಿಗೆ ನಾಗಗಳಿರುವ ಮುನ್ನೂರು ಚಿಲ್ಲರೆ ಮೆಟ್ಟಿಲುಗಳನ್ನು ಅಮ್ಮ ನಿಧಾನವಾಗಿ, ಎಲ್ಲಿಯೂ ಕೂರದೆ ಹತ್ತಿದಳು. ಚಿನ್ನದ ತಗಡಿನ ಸ್ತೂಪ ಬಿಸಿಲಿಗೆ ಕಣ್ಣು ಕೋರೈಸುತ್ತಿತ್ತು.

ಮನಸ್ಸೆಲ್ಲ ಮಾರುಕಟ್ಟೆಯ ಕಡೆಗಿತ್ತು. ಪಿಂಗ್ ನದಿಯ ದಡದ ವಾರೊರೋಟನ್ನು ಊರಿನವರು ‘ಕಾದ್ ಲುವಾಂಗ್’, ದೊಡ್ಡ ಸಂತೆ, ಎನ್ನುತ್ತಾರೆ. ನೆಲಮಹಡಿಯಲ್ಲಿ ಹುದುಗಿಸಿದ್ದು, ಒಣಗಿಸಿದ್ದು, ಉಪ್ಪು ಹಾಕಿದ್ದು ಸಾಲು ಸಾಲಾಗಿ. ಒಣ ಮೆಣಸಿನ ಮೂಟೆಗಳ ಪಕ್ಕದಲ್ಲಿ ಒಬ್ಬ ಮುದುಕಿಯ ಮುಂದೆ ಅಂಗೈಯಗಲದ, ಕಂದು ಬಣ್ಣದ, ಹಪ್ಪಳದಷ್ಟು ತೆಳುವಾದ ಬಿಲ್ಲೆಗಳು ಕಟ್ಟುಕಟ್ಟಾಗಿ ಇದ್ದವು. ಅದೇ ಥುವಾ ನಾವ್. ಸೋಯಾ ಕಾಳನ್ನು ಮೆತ್ತಗೆ ಬೇಯಿಸಿ, ಎಲೆ ಹಾಸಿದ ಬಿದಿರಿನ ಬುಟ್ಟಿಯಲ್ಲಿ ಎರಡು ಮೂರು ದಿನ ಮುಚ್ಚಿಟ್ಟು ಹುಳಿಯಲು ಬಿಟ್ಟು, ಕುಟ್ಟಿ, ತಟ್ಟಿ, ಬಿಸಿಲಿಗೆ ಒಣಗಿಸಿದ್ದು. ಗಡಿಯಾಚೆ ಮ್ಯಾನ್ಮಾರ್‌ನ ಶಾನ್ ಸೀಮೆಯಲ್ಲೂ ಇದು ಮನೆಮನೆಯ ಸಾಮಾನು. ಹತ್ತಿರ ಹಿಡಿದರೆ ತೀಕ್ಷ್ಣವಾದ ವಾಸನೆ. ಕೆಲವರಿಗೆ ಹಿಡಿಸಲಾರದು. ಅಮ್ಮ ಕಣ್ಣು ಮುಚ್ಚಿ ಮೂಸಿ, ‘ಇದು ಕೆಟ್ಟ ವಾಸನೆಯಲ್ಲ. ಹುಳಿದ ವಾಸನೆ’ ಎಂದಳು. ಎರಡು ಕಟ್ಟು ಕೊಂಡೆವು.

ಭಾನುವಾರ

ಪೀಯ ಮನೆ ಊರಿನ ಹೊರಗೆ ಒಂದು ಓಣಿಯಲ್ಲಿ. ಅಂಗಳದಲ್ಲಿ ಮಣ್ಣಿನ ಇದ್ದಿಲ ಒಲೆ, ಅದರ ಮೇಲೆ ಸೊಂಟ ಸಣ್ಣದಾದ ಅಲ್ಯೂಮಿನಿಯಂ ಪಾತ್ರೆ, ಪಾತ್ರೆಯ ಬಾಯಿಗೆ ಸಿಕ್ಕಿಸಿದ ಬಿದಿರಿನ ಬುಟ್ಟಿ. ಅದರಲ್ಲಿ ಅಂಟಕ್ಕಿ ಹಬೆಯಲ್ಲಿ ಬೇಯುತ್ತಿತ್ತು. ಉತ್ತರದವರ ದಿನನಿತ್ಯದ ಅನ್ನ ಇದೇ. ಇದನ್ನು ನೀರಿನಲ್ಲಿ ಕುದಿಸುವುದಿಲ್ಲ; ರಾತ್ರಿಯಿಡೀ ನೆನೆಸಿ, ಸೋಸಿ, ಹಬೆಯಲ್ಲಿ ಮಾತ್ರ ಬೇಯಿಸುತ್ತಾರೆ. ಸಾಮಾನ್ಯ ಅಕ್ಕಿಯಲ್ಲಿರುವ ಅಮೈಲೋಸ್ ಎಂಬ ಪಿಷ್ಟ ಇದರಲ್ಲಿ ಬಹುತೇಕ ಇಲ್ಲ. ಅದರಿಂದಲೇ ಅಗುಳು ಅಗುಳಿಗೆ ಅಂಟುತ್ತದೆ. ಅರ್ಧ ಬೆಂದಾಗ ಪೀ ಬುಟ್ಟಿಯನ್ನು ಒಂದು ಸಲ ಎಗರಿಸಿದಳು. ಇಡೀ ಅನ್ನ ಒಂದೇ ಉಂಡೆಯಾಗಿ ಮಗುಚಿ ಬಿತ್ತು.

ನಮ್ಮ ಕೆಲಸ ‘ನಾಮ್ ಫ್ರಿಕ್ ನುಮ್’. ಉದ್ದನೆಯ ತಿಳಿಹಸಿರು ಮೆಣಸು, ಸಣ್ಣ ಈರುಳ್ಳಿ, ಬೆಳ್ಳುಳ್ಳಿ ಇವನ್ನು ಸಿಪ್ಪೆ ಸಮೇತ ಕೆಂಡದ ಮೇಲೆ ಸುಡುವುದು. ಸಿಪ್ಪೆ ಕಪ್ಪಾಗಿ ಬಿರಿದ ಮೇಲೆ ಸುಲಿದು, ಉಪ್ಪು ಹಾಕಿ ಕುಟ್ಟುವುದು. ಅಮ್ಮ ಕೆಂಡದ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಬರಿಗೈಯಲ್ಲಿ ಮೆಣಸು ತಿರುವಿಹಾಕುತ್ತಿದ್ದಳು. ‘ಸುಟ್ಟ ಬದನೆಕಾಯಿ ಗೊಜ್ಜಿನ ಹಾದಿಯೇ ಇದು’ ಎಂದಳು. ಪೀ ಥಾಯ್ ಭಾಷೆಯಲ್ಲಿ, ಅಮ್ಮ ಕನ್ನಡದಲ್ಲಿ ಮಾತಾಡುತ್ತಿದ್ದರು. ನಾನು ಬಹಳ ಹೊತ್ತು ಇಬ್ಬರ ನಡುವೆ ಇಂಗ್ಲಿಷಿನಲ್ಲಿ ಅನುವಾದ ಮಾಡುವ ಗೋಜಿಗೆ ಹೋಗಲಿಲ್ಲ. ಕೈಗಳೇ ಹೇಳಬೇಕಾದದ್ದನ್ನು ಹೇಳುತ್ತಿದ್ದವು.

ಆಮೇಲೆ ಥುವಾ ನಾವ್. ಪೀ ಒಂದು ಬಿಲ್ಲೆಯನ್ನು ಇಕ್ಕಳದಲ್ಲಿ ಹಿಡಿದು ಕೆಂಡದ ಮೇಲೆ ಎರಡೂ ಬದಿ ಕಾಯಿಸಿದಳು. ಅಂಚು ಮುದುರಿತು, ಅಲ್ಲಲ್ಲಿ ಗುಳ್ಳೆ ಎದ್ದಿತು, ತೀಕ್ಷ್ಣ ವಾಸನೆ ಇಳಿದು ಹುರಿಗಡಲೆ ಮತ್ತು ಕಾಫಿಬೀಜ ಒಟ್ಟಿಗೆ ಹುರಿದಂಥ ಘಮ ಎದ್ದಿತು. ಬಿಸಿಯಿರುವಾಗಲೇ ಕುಟ್ಟಾಣಿಗೆ ಹಾಕಿ ಪುಡಿ ಮಾಡಿ, ಮೆಣಸಿನ ಗೊಜ್ಜಿನಲ್ಲಿ ಅರ್ಧ ಭಾಗಕ್ಕೆ ಮಾತ್ರ ಬೆರೆಸಿದಳು. ಅರ್ಧವನ್ನು ಹಾಗೆಯೇ ಬಿಟ್ಟಳು. ಎರಡನ್ನೂ ತಿಂದು ನೋಡಿ ಎಂದಳು.

ಅಂಟಕ್ಕಿಯ ಅನ್ನವನ್ನು ಬೆರಳಿನಲ್ಲಿ ಉಂಡೆ ಕಟ್ಟಿ ಮೊದಲನೆಯದಕ್ಕೆ ಅದ್ದಿದೆವು. ಖಾರ, ಹೊಗೆ, ಬೆಳ್ಳುಳ್ಳಿಯ ಸಿಹಿ, ಅಷ್ಟೇ. ನುಂಗಿದ ಮೇಲೆ ಖಾರ ಮಾತ್ರ ಉಳಿಯಿತು. ಎರಡನೆಯದಕ್ಕೆ ಅದ್ದಿದಾಗ ಅದೇ ಖಾರ ಮೆತ್ತಗಾಗಿ, ಬಾಯಿಯ ತುಂಬ ಹರಡಿ, ನುಂಗಿದ ಮೇಲೂ ದವಡೆಯ ಹಿಂಭಾಗದಲ್ಲಿ ನಿಂತಿತ್ತು. ಅಮ್ಮ ಮತ್ತೆ ಮೊದಲನೆಯದಕ್ಕೆ ಹೋದಳು, ಮತ್ತೆ ಎರಡನೆಯದಕ್ಕೆ. ‘ಇದೇ’ ಎಂದಳು.

ಹಸಿರು ಮಸಾಲೆಗೂ ಹಾಕಿ ನೋಡೋಣ ಎಂದು ಅಮ್ಮನೇ ಹಟ ಹಿಡಿದಳು. ಗ್ರೀನ್ ಕರಿ ಬ್ಯಾಂಕಾಕ್ ಕಡೆಯ ಬಯಲುಸೀಮೆಯ ಅಡುಗೆ, ಅದಕ್ಕೆ ಥುವಾ ನಾವ್ ಹಾಕುವ ರೂಢಿ ಇಲ್ಲ ಎಂದು ಪೀ ಹೇಳಿದಳು. ಹೇಳುತ್ತಲೇ ಕಾಯಿ ತುರಿಯಲು ಕುಳಿತಳು. ಈ ಸಲ ಹಾಲು ಒಡೆಯುವವರೆಗೆ ಅಮ್ಮನೇ ಬಾಣಲೆಯ ಮುಂದೆ ನಿಂತು ಕಾದಳು. ತಯಾರಾದ ಕರಿಯ ಬಣ್ಣ ತುಸು ಮಾಸಲಾಗಿತ್ತು. ರುಚಿಯಲ್ಲಿ ಕೊರತೆ ಎಂಬುದೇ ಇರಲಿಲ್ಲ. ಪೀಯ ಮಗಳು ಇನ್ನೊಂದು ಸಲ ಬಡಿಸಿಕೊಂಡಳು. ಮೀನಿಲ್ಲದ ಅಡುಗೆಯನ್ನು ರೋಗಿಯ ಪಥ್ಯದಂತೆ ಕಾಣುವವರೆಲ್ಲ ಆ ಬಟ್ಟಲಿನಿಂದ ಒಂದು ತುತ್ತು ತಿನ್ನಬೇಕಿತ್ತು ಎಂದು ನಿಜವಾಗಿ ಅನ್ನಿಸಿತು.

ಸಂಜೆ ಹಳೆಯ ಊರಿನ ರಾಚದಮ್ನೇನ್ ಬೀದಿಯಲ್ಲಿ ಭಾನುವಾರದ ಸಂತೆ. ವಾಹನ ನಿಲ್ಲಿಸಿ ಇಡೀ ಬೀದಿಯನ್ನು ನಡೆಯುವವರಿಗೆ ಬಿಡುತ್ತಾರೆ. ಅಮ್ಮ ಕೊಂಡದ್ದು ಅನ್ನ ಬೇಯಿಸುವ ಬಿದಿರಿನ ಬುಟ್ಟಿ ಒಂದನ್ನೇ. ಕಲ್ಲಿನ ಕುಟ್ಟಾಣಿಯನ್ನು ಎರಡೂ ಕೈಯಲ್ಲಿ ಎತ್ತಿ ನೋಡಿ, ‘ಮನೆಯಲ್ಲಿ ನಿನ್ನಜ್ಜಿಯದಿದೆ’ ಎಂದು ಕೆಳಗಿಟ್ಟಳು.

ಸೋಮವಾರ

ಬ್ಯಾಂಕಾಕಿಗೆ ವಿಮಾನ, ಅಲ್ಲಿಂದ ಬೆಂಗಳೂರಿಗೆ ವಿಮಾನ. ಹೇಳುವಂಥದ್ದು ಏನೂ ಇಲ್ಲ. ಕಾಯುವ ಹೊತ್ತಿನಲ್ಲಿ ಅಮ್ಮ ತನ್ನ ತಂಗಿಗೆ ಫೋನ್ ಮಾಡಿ ಕಾಯಿಹಾಲು ಒಡೆಸುವುದು ಹೇಗೆ ಎಂದು ಕಲಿಸುತ್ತಿದ್ದಳು. ಆ ಕಡೆಯಿಂದ ಚಿಕ್ಕಮ್ಮ ನಂಬಲೇ ಇಲ್ಲ.

ತಂದ ಥುವಾ ನಾವ್ ಕೆಲವು ವಾರಗಳಲ್ಲಿ ಮುಗಿಯಿತು. ಮುಂದೇನು ಎಂದು ಹುಡುಕುವಾಗ ಉತ್ತರ ನಮ್ಮ ದೇಶದಲ್ಲೇ ಸಿಕ್ಕಿತು. ನಾಗಾಲ್ಯಾಂಡಿನ ಅಖುನಿ, ಮಣಿಪುರದ ಹವಾಯ್‌ಜಾರ್, ಮೇಘಾಲಯದ ತುಂಗ್ರಿಂಬಾಯ್, ಸಿಕ್ಕಿಂ ಕಡೆಯ ಕಿನೆಮಾ, ಇವೆಲ್ಲ ಹುದುಗಿಸಿದ ಸೋಯಾ ಕಾಳುಗಳೇ. ಈಶಾನ್ಯದ ಹುಡುಗರು ನಡೆಸುವ ಬೆಂಗಳೂರಿನ ದಿನಸಿ ಅಂಗಡಿಯೊಂದರಲ್ಲಿ ಅಖುನಿ ಸಿಕ್ಕಿತು. ಬರಿದೇ ಸೋಯಾ ಕಾಳು, ಬೇರೇನೂ ಸೇರಿಲ್ಲ ಎಂದು ಕೇಳಿ ಖಚಿತ ಮಾಡಿಕೊಂಡೆ. ತೀರ್ಥಹಳ್ಳಿಗೆ ಹೋಗುವಾಗಲೆಲ್ಲ ಒಂದು ಪೊಟ್ಟಣ ಒಯ್ಯುತ್ತೇನೆ. ಅಮ್ಮ ಅದನ್ನು ಬಾಳೆಲೆಯಲ್ಲಿ ಸುತ್ತಿ ಕೆಂಡದಲ್ಲಿ ಕಾಯಿಸಿ, ಅಜ್ಜಿಯ ಕುಟ್ಟಾಣಿಯಲ್ಲಿ ಹಸಿರು ಮಸಾಲೆಯ ಜೊತೆ ಕಡೆಗೆ ಸೇರಿಸುತ್ತಾಳೆ. ದುಂಪರಾಸ್ಮೆ, ನಿಂಬೆಹುಲ್ಲು, ಸುಂಡೆಕಾಯಿ ಹಿತ್ತಲಿನವೇ. ಮಕ್ರುಟ್ ನಿಂಬೆಯ ಗಿಡವನ್ನು ನರ್ಸರಿಯಿಂದ ತಂದು ಬಾವಿಕಟ್ಟೆಯ ಪಕ್ಕ ನೆಟ್ಟಿದ್ದೇವೆ, ಮೂರಡಿ ಬೆಳೆದಿದೆ.